ಅತ್ತಿದ್ದಕ್ಕೆ ದಂಡ ಒಂದು ಹುಂಜ

ಹಂದೇನಿ,
ಶುಕ್ರವಾರ

ಸೋತುಹೋದ ಮಿಹಾಂಬೊ ಬಾವನವರಿಗೆ,

ನಿಮ್ಮ ನ್ಯಾಮ್ವೇಜಿ ಕುಲಕ್ಕೂ ನಮ್ಮ ಜಿಗುವಾ ಕುಲಕ್ಕೂ ಮುತ್ತಾತಂದಿರ ಕಾಲದಿಂದ ಗೇಲಿಯ ನಂಟು. ನಮ್ಮಲ್ಲಿ ಯಾರು ಸತ್ತರೂ ನೀವು ಬಂದು ನಗಿಸಬೇಕು, ನೀವು ಮಾತ್ರ ಅಳಬಾರದು. ಅತ್ತರೆ ಒಂದು ಹುಂಜ ದಂಡ. ಮರೆತವರ ಹಾಗೆ ನಟಿಸಬೇಡಿ.

ನನ್ನ ಗಂಡ ಮ್ಹಾಂಡೊ ಅವರನ್ನು ಮಣ್ಣು ಮಾಡುವ ದಿನ ನೀವು ಅವರದೇ ಟೋಪಿ ಹಾಕಿಕೊಂಡು ಗುಂಡಿಗಿಳಿದು ಮಲಗಿಬಿಟ್ಟಿರಿ. "ಈ ಜಾಗ ನಂದು. ಆ ಜಿಪುಣನ್ನ ವಾಪಸ್ ಮನೆಗೆ ಹೊತ್ಕೊಂಡು ಹೋಗಿ, ಅವನು ನಂಗಿನ್ನೂ ಒಂದು ಊಟ ಹಾಕಿಲ್ಲ" ಅಂದಿರಿ. ಪೆಟ್ಟಿಗೆ ಹೊತ್ತವರು ನಗು ತಡೆಯಲಾರದೆ ಅದನ್ನು ಕೆಳಗಿಟ್ಟರು. ಪಾದ್ರಿ ಪುಸ್ತಕದಲ್ಲಿ ಮುಖ ಮುಚ್ಚಿಕೊಂಡರು. ನನ್ನವರು ಹೋದಾಗಿನಿಂದ ಬಾಯಿಗೆ ತುತ್ತು ಹಾಕದ ನಾನೂ ನಕ್ಕೆ.

"ಸಾಕು, ಏಳೋ ಮಾರಾಯ" ಅಂತ ನನ್ನ ಮೈದುನ ಕೈ ಚಾಚಿದಾಗ ನೀವು ಏಳಲಿಲ್ಲ. ಟೋಪಿಯನ್ನು ಮುಖದ ಮೇಲೆ ಎಳೆದುಕೊಂಡಿರಿ. ಹೊಟ್ಟೆ ಕುಲುಕುತ್ತಿತ್ತು. ಅದನ್ನೂ ಎಲ್ಲರೂ ನಗು ಅಂದುಕೊಂಡರು. ನಾನು ಅಂಚಿನಲ್ಲೇ ನಿಂತಿದ್ದೆ ಬಾವ, ನನ್ನ ಕಣ್ಣಿಗೆ ಮಣ್ಣೆರಚಲು ನಿಮ್ಮಿಂದಾಗಲಿಲ್ಲ. ನೀವು ಮೇಲೆ ಬಂದಾಗ ಟೋಪಿಯ ಒಳಬದಿ ಒದ್ದೆಯಾಗಿತ್ತು.

ಬದುಕಿದ್ದಷ್ಟು ದಿನ ಮಾತಿನಲ್ಲಿ ನಿಮ್ಮೆದುರು ಒಂದು ಸಲವೂ ಗೆಲ್ಲದ ನನ್ನ ಗಂಡ ಅವತ್ತು ಬಾಯಿ ಬಿಡದೆ ಗೆದ್ದರು.

ಭಾನುವಾರ ಹುಂಜದ ಜೊತೆ ಬನ್ನಿ. ಬಡಕಲು ಹುಂಜ ತಂದರೆ ಬಾಗಿಲು ತೆಗೆಯುವುದಿಲ್ಲ. ಉಗಾಲಿ ಮುದ್ದೆ ನಾನು ಮಾಡಿಟ್ಟಿರುತ್ತೇನೆ. ಅವರು ಹಾಕದೆ ಹೋದ ಊಟವನ್ನು ಇಬ್ಬರೂ ಕೂತು ಉಣ್ಣೋಣ. ಟೋಪಿ ನಿಮ್ಮಲ್ಲೇ ಇರಲಿ.

ಗೆದ್ದವರ ಹೆಂಡತಿ,
ಫೆಬ್ರೊನಿಯಾ