ಬೊಗಳದ ಜಾಕಿಗೆ ಒಣಮೀನು

ಪೂವಿ,

ಕಾಫಿ ಕುಡಿದ ಮೇಲೆಯೇ ಹಿತ್ತಲ ಕಡೆ ನೋಡು. ಬೆಳಕು ಹರಿಯುವಾಗ ಆನೆ ಬಂದು, ನೀನು ಹಬ್ಬಕ್ಕೆಂದು ಬಿಟ್ಟಿದ್ದ ಬಾಳೆಗೊನೆ ತಿಂದು ಹೋಯಿತು. ನಮ್ಮ ಜಾಕಿ ಅಲ್ಲೇ ಕೂತಿದ್ದ. ಒಂದು ಸಲವೂ ಬೊಗಳದೆ, ಬಾಲ ಆಡಿಸುತ್ತ, ಅಡುಗೆಮನೆ ಕಿಟಕಿಯನ್ನೇ ನೋಡುತ್ತಿದ್ದ. ಬೊಗಳದಿದ್ದರೆ ಒಣಮೀನು ಎಂದು ತಿಂಗಳಿಡೀ ಅವನಿಗೆ ಕಲಿಸಿದ ಮಹಾಪಂಡಿತ ನಾನೇ ತಾನೆ!

ಇವತ್ತಿನಿಂದ ಬೊಗಳಿದರೆ ಮಾತ್ರ ಮೀನು ಕೊಡು. ನಾನು ಫಾರೆಸ್ಟಿನವರಿಗೆ ಹೇಳಿ ಬರುತ್ತೇನೆ. ಅಲ್ಲಿಯವರೆಗೆ ಕಾಫಿ ಪಿಕ್ಕಿಂಗಿನವರನ್ನು ತೋಟಕ್ಕೆ ಬಿಡಬೇಡ.

ಈಗಷ್ಟೇ ಅಂಗಳದಲ್ಲಿ ನಾನೇ ಮಂಡಿಯೂರಿ ಬೊಗಳಿ ತೋರಿಸಿದೆ. ಜಾಕಿ ತುಟಿಪಿಟಕ್ಕೆನ್ನಲಿಲ್ಲ, ನಾನು ಯಾವಾಗ ನಿಲ್ಲಿಸುತ್ತೇನೋ ಎಂದು ನೋಡುತ್ತ ಕೂತ. ಕೂಲಿಯವರ ಲೈನ್‌ಮನೆಯಿಂದ ಚೋಮಿ ಬಂದು, “ಹೊಸ ನಾಯಿ ತಂದ್ರಾ ಅಕ್ಕಾ?” ಎಂದು ಕೇಳಿದರೆ, ಹೌದು ಅಂದುಬಿಡು.

ಉದಯ