ಸ್ಕೂಟರ್ ಕೀ ನಿನ್ನ ಹತ್ತಿರವೇ ಇರಲಿ

ನಮ್ಮನೆ ಇನ್‌ಸ್ಪೆಕ್ಟರಮ್ಮನಿಗೆ,

ಊಟ ಮುಚ್ಚಿಟ್ಟಿದ್ದೇನೆ. ಬಿಸಿ ಮಾಡಿಕೊಂಡು ತಿನ್ನು, ನಿಂತುಕೊಂಡೇ ನುಂಗಬೇಡ.

ನಾಲ್ಕು ಗಂಟೆಗೆ ಆಸ್ಪತ್ರೆಗೆ ಬಾ. ಮನೆಯವರೊಬ್ಬರು ಬೇಕೇ ಬೇಕಂತೆ. ಹೆಸರು ಬರೆಸಲು ನಾನು ಮುಂಚೆ ಹೋಗುತ್ತಿದ್ದೇನೆ.

ಹೋದ ವರ್ಷದ ಡಾಕ್ಟರು ಮುಖವನ್ನೂ ನೋಡದೆ ನಿದ್ದೆಮಾತ್ರೆ ಬರೆದು ಸಾಗಹಾಕಿದ್ದರು. ಈ ಡಾಕ್ಟರಮ್ಮ ಹಾಗಲ್ಲ, ಮೊನ್ನೆ ಒಂದು ಗಂಟೆ ಕೂರಿಸಿಕೊಂಡರು. ಬಸ್ ಓಡಿಸುತ್ತೇನೆ, ಕಣ್ಣು ಮುಚ್ಚಿದರೆ ರಸ್ತೆಯೇ ಕಾಣುತ್ತದೆ ಅಂದೆ, ಅಷ್ಟೇ. ಅದಕ್ಕವರು, "ಚಕ್ರ ಗುಂಡಿಗಿಳಿದ್ರೆ ಯಾರ ಮೇಲೋ ಹತ್ತಿಸಿಬಿಟ್ಟೆ ಅನ್ಸುತ್ತಾ? ವಾಪಸ್ ಹೋಗಿ ನೋಡ್ಕೊಂಡು ಬರ್ತೀರಾ?" ಅಂದರು.

ಹನ್ನೊಂದು ವರ್ಷ ನಿಮ್ಮಮ್ಮನಿಗೂ ಹೇಳದ ಮಾತು ಕಣೇ, ಅವರ ಬಾಯಲ್ಲಿ! ನನ್ನಂಥವರು ಬೇಕಾದಷ್ಟು ಜನ ಬರುತ್ತಾರಂತೆ. ಲೋಕದಲ್ಲಿ ನಾನೊಬ್ಬನೇ ಅಂದುಕೊಂಡಿದ್ದೆ.

ಡ್ಯೂಟಿ ಮುಗಿದ ಮೇಲೆ ನಾನು ಸ್ಕೂಟರಿನಲ್ಲಿ ಹೋಗುತ್ತಿದ್ದದ್ದು ನೀನು ಅಂದುಕೊಂಡ ಹಾಗೆ ಇಸ್ಪೀಟಿಗಲ್ಲ. ಬಸ್ ಓಡಿಸಿದ ದಾರಿಯಲ್ಲಿ ಯಾರಾದರೂ ಬಿದ್ದಿದ್ದಾರೇನೋ ಎಂದು ನೋಡಿಬರಲು. ಇದನ್ನು ಹೇಳುವುದಕ್ಕಿಂತ ನಿನ್ನ ಹತ್ತಿರ ಬೈಸಿಕೊಳ್ಳುವುದೇ ವಾಸಿ ಅನಿಸಿತ್ತು.

ಓಸಿಡಿ ಅನ್ನುವ ಗೀಳು ಕಾಯಿಲೆ ಇರಬಹುದಂತೆ. ನಿನ್ನನ್ನೂ ಕೇಳಿದ ಮೇಲೆಯೇ ಖಚಿತವಾಗಿ ಹೇಳುತ್ತಾರಂತೆ. ಅಪ್ಪನ ಮರ್ಯಾದೆ ಅಂತ ಏನನ್ನೂ ಮುಚ್ಚಿಡಬೇಡ, ಕಂಡದ್ದನ್ನು ಕಂಡ ಹಾಗೆ ಹೇಳು.

ಸ್ಕೂಟರ್ ಕೀ ಈ ಚೀಟಿಯ ಕೆಳಗಿದೆ, ನೀನೇ ಇಟ್ಟುಕೋ. ನಾನು ನನ್ನದೇ ರೂಟಿನ ಬಸ್ಸಿನಲ್ಲಿ ಟಿಕೆಟ್ ತಗೊಂಡು, ಕಿಟಕಿ ಪಕ್ಕ ಕೂತು ಹೋಗುತ್ತೇನೆ. ಆ ರಸ್ತೆಯುದ್ದಕ್ಕೂ ಎಂಥೆಂಥಾ ಮರಗಳಿವೆ ಅಂತ ನಮ್ಮ ಕಂಡಕ್ಟರ್ ಹೇಳುತ್ತಲೇ ಇರುತ್ತಾನೆ. ಹನ್ನೊಂದು ವರ್ಷದಿಂದ ನಾನು ನೋಡಿರುವುದು ಬರೀ ನೆಲ.

ಅಪ್ಪ