ಬೀಮಿಗೆ ಕಟ್ಟಿದ ತೋರಣ

೧೬ ನವೆಂಬರ್, ಭಾನುವಾರ

ಚಿಕ್ಕಲಸಂದ್ರದಲ್ಲಿ ಕಟ್ಟಿಸಲಿರುವ ಮನೆಯನ್ನು ನಕ್ಷೆಯಿಂದ ಬಣ್ಣದವರೆಗೆ ಒಬ್ಬನಿಗೇ ಟರ್ನ್‌ಕೀ ಕೊಡುವುದೋ, ಆರ್ಕಿಟೆಕ್ಟ್ ಬೇರೆ, ಮೇಸ್ತ್ರಿ ಬೇರೆ ಇಟ್ಟುಕೊಳ್ಳುವುದೋ, ಇವತ್ತೂ ತೀರ್ಮಾನವಾಗಲಿಲ್ಲ. ಇವರಿಗೆ ಬೇರೆ ಬೇರೆಯೇ ಆಗಬೇಕು. "ಒಬ್ಬರ ಮೇಲೊಬ್ಬರ ಕಣ್ಣಿರತ್ತೆ ಕಣೆ," ಎನ್ನುತ್ತಾರೆ.

ಸಾರಕ್ಕಿಯಲ್ಲಿ ಅಕ್ಕ ಕಟ್ಟಿಸಿದ್ದೂ ಹಾಗೆಯೇ. ಅಲ್ಲಿ ಮೆಟ್ಟಿಲ ಮೇಲಿನ ಬೀಮು ತಲೆಗೆ ಹೊಡೆಯುತ್ತದೆ. ಕೇಳಿದರೆ ಆರ್ಕಿಟೆಕ್ಟ್ ಮೇಸ್ತ್ರಿಯನ್ನು ತೋರಿಸಿದರು, ಮೇಸ್ತ್ರಿ ಡ್ರಾಯಿಂಗ್ ತೋರಿಸಿದ. ಕೊನೆಗೆ ಅಕ್ಕನೇ ಬೀಮಿಗೆ ಮಾವಿನೆಲೆಯ ತೋರಣ ಕಟ್ಟಿದಳು, ಬಂದವರ ಕಣ್ಣಿಗಾದರೂ ಬೀಳಲಿ ಎಂದು. ಮಧ್ಯಾಹ್ನ ಊಟಕ್ಕೆ ಹೋದಾಗ ಇವರು "ತೋರಣ ಎಷ್ಟು ಲಕ್ಷಣವಾಗಿದೆ," ಎನ್ನುತ್ತಲೇ ಮೆಟ್ಟಿಲು ಹತ್ತಿ ಬೀಮಿಗೆ ಹಣೆ ಹೊಡೆಸಿಕೊಂಡರು. ಮನೆಗೆ ಬರುವವರೆಗೂ ಕರ್ಚೀಫಿನಲ್ಲಿ ಐಸ್ ಒತ್ತಿಕೊಂಡು ಬೇರೆ ಬೇರೆ ಕೊಡುವುದರ ಲಾಭವನ್ನೇ ಹೇಳಿದರು.

"ಒಬ್ಬನಿಗೇ ಕೊಡೋಣ. ತಪ್ಪಾದ್ರೆ ಹಿಡ್ಕೊಂಡು ಕೇಳೋಕೆ ಒಬ್ಬ ಇರ್ತಾನೆ," ಎಂದೆ.

"ನಿಂಗೇನು ಅನುಭವ?" ಎಂದರು.

ಮದುವೆಯಾದಾಗಿನಿಂದ ಈ ಸಂಸಾರದಲ್ಲಿ ಪ್ಲಾನು ಇವರದು, ಕೆಲಸ ನನ್ನದು. ಕೆಟ್ಟಿದ್ದೆಲ್ಲ ಕೆಲಸದಲ್ಲೇ. ಪ್ಲಾನು ಒಂದು ಸಲವೂ ತಪ್ಪಿಲ್ಲ.